ಬಚ್ಚಲ ಕಿಂಡಿ ಮತ್ತು ಇ-ಸಿಕ್ಸ್

ಅಮ್ಮಾ,

ನೀನು ಪೇಪರಿನಲ್ಲಿ ಓದುತ್ತಿದ್ದುದು ದಪ್ಪಕ್ಷರದ ತಲೆಬರಹಗಳನ್ನು ಮಾತ್ರ. "ಕೆಳಗಿಂದು ನೀನೇ ಓದಿ ಹೇಳು" ಅನ್ನುತ್ತಿದ್ದೆ. ಹಾಗಾಗಿ ತಲೆಬರಹವನ್ನು ಮೊದಲು ಬರೆಯುತ್ತೇನೆ. ನಿನ್ನ ಸೊಸೆ ಸುಮಿತ್ರಾಗೆ ಹೆಣ್ಣು ಮಗು. ಬಾಣಂತಿಯೂ ಮಗುವೂ ಈಗ ಚೆನ್ನಾಗಿದ್ದಾರೆ. ಈ 'ಈಗ' ಎಂಬ ಪದ ಯಾಕೆ ಬಂತು ಎನ್ನುವುದು ಕೆಳಗಿನ ಸುದ್ದಿ. ಅದನ್ನು ಓದಿ ಹೇಳಲು ನಿನ್ನ ಹತ್ತಿರ ಅಲ್ಲಿ ಯಾರಿದ್ದಾರೋ...

ಗೀಸರ್ ಬಂದ ದಿನ ನೆನಪಿದೆಯಾ? ಬಚ್ಚಲೊಲೆಯ ಹೊಗೆ ನಿನ್ನ ಎದೆಗೆ ಆಗುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ ಮೇಲೆ ಒಲೆ ಒಡೆಸಿ, ಹಂಡೆಯನ್ನು ಹಿತ್ತಿಲಿಗೆ ಉರುಳಿಸಿ, ಕೊಪ್ಪದಿಂದ ರಫೀಕನನ್ನು ಕರೆತಂದಿದ್ದೆ. ಸ್ಟವ್ ರಿಪೇರಿಯ ಅಂಗಡಿಯ ಅದೇ ರಫೀಕ್, ನನ್ನ ಜೊತೆ ಹೈಸ್ಕೂಲು ಓದಿದವನು. ಬಚ್ಚಲ ಗೋಡೆಗೆ ಬಿಳಿ ಪೆಟ್ಟಿಗೆ ಕೂರಿಸಿ, ಹೊರಗಿನ ಸಿಲಿಂಡರಿನಿಂದ ಪೈಪು ಎಳೆದು, ಎರಡು ದಪ್ಪ ಸೆಲ್ ಹಾಕಿ ನಲ್ಲಿ ತಿರುಗಿಸಿದ. ಟಿಕ್ ಟಿಕ್ ಎಂದು ಕಿಡಿ ಹಾರಿ ಒಳಗೆ ನೀಲಿ ಉರಿ ಹತ್ತಿತು, ಮುಂದಿನ ಗಾಜಿನಲ್ಲಿ ಕೆಂಪು ಅಂಕಿಗಳು ಮೂಡಿದವು. ನೀನು ಸೊಂಟಕ್ಕೆ ಕೈಕೊಟ್ಟು ನಿಂತು, "ಇದೆಂತ ರಫೀಕ, ಒಲೆಯಾ ರೇಡಿಯೋವಾ?" ಎಂದೆ. "ಹಾಡು ಮಾತ್ರ ಬರಲ್ಲಮ್ಮ. ನೀರು ಬಿಸಿಯಾದ್ರೆ ನೀವೇ ಹಾಡ್ತೀರಿ ಬಿಡಿ" ಎಂದು ಅವನು ನಗಿಸಿದ್ದ.

ಹೊಗೆ ಹೋಯಿತು, ನಿನ್ನ ಹಳೆಯ ಅಭ್ಯಾಸ ಹೋಗಲಿಲ್ಲ. ಬಚ್ಚಲ ಮೇಲಿನ ಕಿಂಡಿಯ ಮರದ ಬಾಗಿಲನ್ನು ಹೊಗೆ ಹೋಗಲೆಂದು ಯಾವಾಗಲೂ ತೆರೆದಿಡುತ್ತಿದ್ದೆ. ಅದು ಗಾಳಿಗೆ ಮುಚ್ಚಿಕೊಳ್ಳದಂತೆ ಸವೆದ ಹವಾಯಿ ಚಪ್ಪಲಿಯ ತುಂಡೊಂದನ್ನು ಸಂದಿಗೆ ಸಿಕ್ಕಿಸಿರುತ್ತಿದ್ದೆ. ಗೀಸರ್ ಬಂದ ಮೇಲೂ ಆ ತುಂಡು ಅಲ್ಲೇ ಇತ್ತು. "ಹೊಗೆಯೇ ಇಲ್ಲವಲ್ಲಮ್ಮ, ಮುಚ್ಚಬಾರದಾ, ಚಳಿ" ಎಂದು ನಾನು ಕೇಳಿದರೆ, "ಮುಚ್ಚಿದ್ರೆ ನಂಗೆ ಜೀವ ಕಟ್ಟಿದ ಹಾಗಾಗ್ತದೆ ಮಾರಾಯ" ಎನ್ನುತ್ತಿದ್ದೆ. ಅಷ್ಟೇ. ಅದರಲ್ಲಿ ದೊಡ್ಡ ತಿಳಿವಳಿಕೆ ಏನೂ ಇರಲಿಲ್ಲ, ನಿನಗೆ ಉಸಿರಾಡಬೇಕಿತ್ತು.

ಸುಮಿತ್ರಾ ಗರ್ಭಿಣಿ ಎಂದು ತಿಳಿದ ಸಂಜೆ ನೀನು ಹೇಳಿದ ಮಾತು ಅವಳಿಗೆ ಬಾಯಿಪಾಠ ಬರುತ್ತದೆ. ನರಸಿಂಹರಾಜಪುರದ ಅವಳ ತವರಿನಲ್ಲಿ ತಾಯಿ ಇಲ್ಲ, ಇರುವವರು ಅಪ್ಪ ಮತ್ತು ಇಬ್ಬರು ಅಣ್ಣಂದಿರು. "ಅಲ್ಲಿ ಹೋಗಿ ಎಂತ ಮಾಡ್ತಿ ಕೂಸೇ? ಬಾಣಂತನ ಇಲ್ಲೇ. ನೀರು ಎರೆಯೂದು ನಾನು" ಎಂದಿದ್ದೆ. ಆರನೇ ತಿಂಗಳಿಗೆ ನೀನು ಆಸ್ಪತ್ರೆಯಲ್ಲಿದ್ದೆ. ಕೊನೆಯ ಮಧ್ಯಾಹ್ನ ನನ್ನ ಅಂಗಿಯ ತೋಳು ಹಿಡಿದು "ಗಾಳಿ ಸಾಲೂದಿಲ್ಲ" ಎಂದೆ. ನಾನು ಎದ್ದು ಕಿಟಕಿ ತೆಗೆಯಲು ಹೋದೆ. ಅದು ಮೊದಲೇ ತೆರೆದಿತ್ತು. ತೆರೆದ ಕಿಟಕಿಯ ಮುಂದೆ ನಿಂತು ಇನ್ನೇನು ಮಾಡಬೇಕೆಂದು ತಿಳಿಯದೆ...

ಹೆರಿಗೆಯಾದ ಮೇಲೆ, ನೀನೇ ಹೇಳಿಟ್ಟಂತೆ ಮೆಣಸೆಯ ರುಕ್ಮಕ್ಕನನ್ನು ಕರೆಸಿದೆ. ನಿನ್ನ ಚಿಕ್ಕಮ್ಮನ ಮಗಳು, ಬಾಣಂತಿಗೆ ಎರೆಯುವುದರಲ್ಲಿ ನಿನ್ನಷ್ಟೇ ಗಟ್ಟಿ. ಬಂದವಳು ಕೈಚೀಲ ಇಳಿಸುವ ಮೊದಲು ಬಚ್ಚಲು ನೋಡಿದಳು. "ಅಯ್ಯೋ ಮಾಣಿ, ಇದು ಬಚ್ಚಲಾ ಬಸ್‌ಸ್ಟ್ಯಾಂಡಾ? ಬಾಣಂತಿ ಮೈಗೆ ಗಾಳಿ ಸೋಕಿದ್ರೆ ಮುದುಕಿಯಾದ್ಮೇಲೂ ಸೊಂಟ ಹಿಡೀತದೆ" ಎಂದು ಸ್ಟೂಲು ಹತ್ತಿ ಚಪ್ಪಲಿ ತುಂಡು ಕಿತ್ತು, ಕಿಂಡಿಯ ಬಾಗಿಲು ಎಳೆದುಕೊಂಡಳು. ಒಂದು ಹಲಗೆ ಮುರಿದಿದ್ದರಿಂದ ಆ ಸಂದಿಗೆ ನಿನ್ನ ಹಳೆಯ ಹಸಿರು ಸೀರೆ ತುರುಕಿದಳು. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ಇಟ್ಟಳು. ತಪ್ಪೆಂದು ಯಾರಿಗೆ ಅನ್ನಿಸೀತು? ನೀನಿದ್ದಿದ್ದರೂ ಬಾಣಂತಿಗೆ ಹೀಗೆಯೇ ಮಾಡುತ್ತಿದ್ದೆಯೇನೋ. ಪುಷ್ಯದ ಚಳಿ ಬೇರೆ.

ಮೊದಲ ಸಲ ಅದು ಬಂದದ್ದು ಹಾಗೆ ಮುಚ್ಚಿದ ಮರುದಿನ. ಮಗುವಿಗೆ ಎರೆದು ತೊಟ್ಟಿಲಲ್ಲಿ ಮಲಗಿಸಿ ಆಗಿತ್ತು, ಬಾಣಂತಿಯ ಸ್ನಾನ ನಡೆಯುತ್ತಿತ್ತು. ಮನೆ ಮನೆಗೆ ಪೇಪರ್ ಹಾಕಿ ಮುಗಿಸಿ ಬಂದು ನಾನು ಹೊರಗೆ ಕೂತಿದ್ದೆ. ಒಳಗಿನಿಂದ ಸುಮಿತ್ರಾ ಕಿರುಚಿದಳು. ಸುಡುನೀರಿನ ನಡುವೆ ಇದ್ದಕ್ಕಿದ್ದಂತೆ ತಣ್ಣೀರು! ಗೀಸರ್ ಆರಿತ್ತು.

"ಗಾಜಿನಲ್ಲಿ ಎಂತ ಕಾಣ್ತದೆ ರುಕ್ಮಕ್ಕ?" ಎಂದು ಬಾಗಿಲ ಹೊರಗಿಂದ ಕೂಗಿದೆ. ಬಾಣಂತಿಯ ಬಚ್ಚಲಿಗೆ ಗಂಡಸು ಇಣುಕುವಂತಿಲ್ಲ, ಗಂಡನಾದರೂ.

"ಎಂತ ಮಣ್ಣೋ. ಒಂದು ಬಾಚಣಿಗೆ ಉಂಟು, ಅದರ ಪಕ್ಕ ಆರು ಉಂಟು."

"ಇ ಸಿಕ್ಸ್ ಕಣ್ರೀ" ಎಂದಳು ಸುಮಿತ್ರಾ, ಹಲ್ಲು ಕಟಕಟಿಸುತ್ತ.

ನಲ್ಲಿ ಮುಚ್ಚಿ ಮತ್ತೆ ತೆರೆದರೆ ಅದು ಹತ್ತಿಕೊಳ್ಳುತ್ತದೆ ಎಂದು ರುಕ್ಮಕ್ಕ ತಾನೇ ಕಂಡುಹಿಡಿದಳು. "ನಿದ್ದೆ ಹೋಗ್ತಾನೆ. ಕಿವಿ ಹಿಂಡಿದ್ರೆ ಏಳ್ತಾನೆ" ಎಂದು ಅದಕ್ಕೊಂದು ವಿವರಣೆಯನ್ನೂ ಕೊಟ್ಟಳು. ಆಮೇಲೆ ದಿನಾ ಬೆಳಿಗ್ಗೆ ಇದೇ ಕತೆಯಾಯಿತು. ಆರುವುದು, ಕಿವಿ ಹಿಂಡುವುದು, ಮತ್ತೆ ಆರುವುದು. ನಮಗೆಲ್ಲ ಇದ್ದ ಭಯ ಒಂದೇ, ಬಾಣಂತಿಯ ಮೈಮೇಲೆ ತಣ್ಣೀರು ಬೀಳುತ್ತಿದೆ.

ರಫೀಕ್ ಬಂದ. ಗೀಸರಿನ ಜೊತೆ ಬಂದಿದ್ದ ಪುಸ್ತಕ ನಮ್ಮಲ್ಲಿರಲಿಲ್ಲ, ಅವನಲ್ಲೂ ಇರಲಿಲ್ಲ. ಬೇರೊಂದು ಕಂಪನಿಯ ಗೀಸರಿನಲ್ಲಿ ಇ-ಸಿಕ್ಸ್ ಅಂದರೆ ಸೆಲ್ ಮುಗಿದಿದೆ ಎಂದು ಅವನಿಗೆ ಗೊತ್ತಿತ್ತು. ಹೊಸ ಸೆಲ್ ಹಾಕಿದ. ಮರುದಿನ ಮತ್ತೆ ಆರಿತು. ನೀರಿನ ಒತ್ತಡ ಕಡಿಮೆ ಇರಬಹುದು ಎಂದು ಜಾಲರಿ ಬಿಚ್ಚಿ ತೊಳೆದ. ಮತ್ತೆ ಆರಿತು. ಸಿಲಿಂಡರಿನ ರೆಗ್ಯುಲೇಟರ್ ಬದಲಿಸಿದ. ಅವನು ಬಾಗಿಲು ತೆರೆದಿಟ್ಟುಕೊಂಡು ಪರೀಕ್ಷೆ ಮಾಡುವಾಗ ಎಷ್ಟು ಹೊತ್ತು ಉರಿಸಿದರೂ ಅದು ಆರುತ್ತಿರಲಿಲ್ಲ. ಇದನ್ನು ನಾವಿಬ್ಬರೂ ಕಣ್ಣಾರೆ ನೋಡಿದೆವು, ನೋಡಿಯೂ...

ಸುಮಿತ್ರಾಗೆ ತಲೆ ಸುತ್ತಲು ಶುರುವಾಯಿತು. ಸ್ನಾನ ಮುಗಿಸಿ ಬಂದು ಹೊದ್ದು ಮಲಗಿದರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. "ಹಸಿ ಬಾಣಂತಿ, ಸುತ್ತದೇ ಇರ್ತದಾ? ಮೆಣಸಿನ ಸಾರು ಇನ್ನೊಂದು ತುತ್ತು ಉಣ್ಣಲಿ" ಎಂದಳು ರುಕ್ಮಕ್ಕ. "ನಂಗೂ ತಲೆ ಸಿಡೀತದೆ ಮಾಣಿ. ನಿಮ್ಮ ಈ ಬಾಳಗಡಿ ಊರಿನ ನೀರು ನಂಗೆ ಆಗೂದಿಲ್ಲ." ನಾವು ನಕ್ಕೆವು. ನೀನಿದ್ದರೆ ಸುಮಿತ್ರಾಳ ಮುಖವನ್ನೊಮ್ಮೆ ನೋಡಿ ಏನಾದರೂ ಹೇಳುತ್ತಿದ್ದೆಯಾ? ಯಾರನ್ನು ಕೇಳಲಿ? ಹೆರಿಗೆಯಾದವಳಿಗೆ ಎಷ್ಟು ತಲೆ ಸುತ್ತಬೇಕು, ಎಷ್ಟು ಸುತ್ತಬಾರದು ಎನ್ನುವುದನ್ನು ಒಬ್ಬ ಗಂಡಸು ಯಾರ ಮನೆ ಬಾಗಿಲಲ್ಲಿ ನಿಂತು ಕೇಳುತ್ತಾನೆ?

ಆ ಶುಕ್ರವಾರ ಬೆಳಿಗ್ಗೆ ಪೇಪರ್ ಮುಗಿಸಿ, ಕೊಪ್ಪದಲ್ಲಿ ರಫೀಕನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದೆ. ಅವನು ಶಟರ್ ಎತ್ತುತ್ತಿದ್ದ. ನನ್ನ ಮುಖ ನೋಡಿಯೇ, "ಮತ್ತೆ ಹೋಯ್ತಾ?" ಎಂದ. ಆಮೇಲೆ ಸ್ಟೂಲ್ ಮೇಲೆ ಕೂತು ಕೇಳಿದ, "ಅಲ್ಲ ಮಾರಾಯ, ನಿನ್ನ ಅಮ್ಮ ಇದ್ದಾಗ ಒಂದು ದಿನವೂ ಇದು ಕೆಟ್ಟಿದ್ದಿಲ್ಲ. ಅವರು ಹೋದ್ಮೇಲೆ ಇದಕ್ಕೆ ಎಂತ ರೋಗ? ಅವರು ಮಾಡ್ತಿದ್ದು ನೀವು ಮಾಡದೇ ಇದ್ದದ್ದು ಎಂತಾದ್ರೂ ಉಂಟಾ?"

ಕಂಪನಿಯ ಸರ್ವಿಸ್‌ನವರಿಗೆ ಅವನ ಅಂಗಡಿಯ ಫೋನಿನಿಂದ ಇನ್ನೊಮ್ಮೆ ಕರೆ ಮಾಡಿದೆ. ಅದುವರೆಗೂ ಫೋನೆತ್ತಿದವಳು "ಮೆಕ್ಯಾನಿಕ್ ನಾಳೆ ಬರ್ತಾರೆ ಸರ್" ಎನ್ನುತ್ತಿದ್ದಳು. ಆ ದಿನ ಎತ್ತಿದವನು ಮೆಕ್ಯಾನಿಕ್ಕೇ.

"ಇ ಸಿಕ್ಸಾ? ಯಾವಾಗ ಬರುತ್ತೆ ಸರ್? ಆನ್ ಮಾಡಿದ ಕೂಡಲೇನಾ, ಉರಿದು ಉರಿದು ಆಮೇಲೆನಾ?"

"ಆಮೇಲೆ. ಅರ್ಧ ಸ್ನಾನಕ್ಕೆ."

"ಹಾಗಾದ್ರೆ ಸೆಲ್ ಅಲ್ಲ, ನೀರೂ ಅಲ್ಲ. ನಮ್ಮ ಮಾಡೆಲ್‌ನಲ್ಲಿ ಇ ಸಿಕ್ಸ್ ಅಂದ್ರೆ ಗಾಳಿ ಸಾಲ್ತಿಲ್ಲ ಅಂತ. ರೂಮಲ್ಲಿ ಆಕ್ಸಿಜನ್ ಕಮ್ಮಿ ಆದ್ರೆ ಅದೇ ಆಫ್ ಆಗುತ್ತೆ. ಕಿಟಕಿ ಇದೆ ತಾನೇ? ಆಫ್ ಆದ್ಮೇಲೆ ಮತ್ತೆ ಆನ್ ಮಾಡ್ತಿಲ್ಲ ತಾನೇ ಸರ್?"

ಗಾಳಿ ಸಾಲ್ತಿಲ್ಲ. ಅಮ್ಮಾ, ರುಕ್ಮಕ್ಕ ಮುಚ್ಚಿದ ಕಿಂಡಿ ನನಗೆ ಆಗ ನೆನಪಾಯಿತು. ಗ್ಯಾಸು ಉರಿಯಲು ಗಾಳಿ ಸಾಲದಾದಾಗ ಹುಟ್ಟುವ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಚ್ಚಲಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ಒಳಪುಟದಲ್ಲಿ ಒಂದು ಕಾಲಮ್ಮಿನಲ್ಲಿ ಬರುತ್ತದೆ. ನಾನೇ ಮನೆ ಮನೆಗೆ ಹಾಕಿದ ಪೇಪರುಗಳಲ್ಲಿ ಬಂದಿದೆ. ಗೋಡೆ ಗಡಿಯಾರ ನೋಡಿದೆ, ಅದು ಸ್ನಾನದ ಹೊತ್ತು. ಮನೆಗೆ ಫೋನು ಮಾಡಿದೆ. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಎತ್ತುವವರು ಯಾರು? ಇರುವ ಇಬ್ಬರೂ ಬಚ್ಚಲಲ್ಲಿ, ಮೂರನೆಯವಳು ತೊಟ್ಟಿಲಲ್ಲಿ. "ನೀ ಗಾಡಿ ಹತ್ತು" ಎಂದು ರಫೀಕ್ ಸ್ಕೂಟರ್ ಒದ್ದು ಸ್ಟಾರ್ಟ್ ಮಾಡಿದ. ಅಂಗಡಿ ಹಾಗೇ ತೆರೆದಿತ್ತು.

ಮನೆಯೊಳಗೆ ಮಗು ಅಳುತ್ತಿತ್ತು. ಬಚ್ಚಲ ಬಾಗಿಲು ಒಳಗಿನಿಂದ ಚಿಲಕ. ಬಡಿದೆ. "ಯಾರದು? ಬಾಣಂತಿ ಸ್ನಾನ ಆಗ್ತಾ ಉಂಟು, ಹೋಗಿ ಆಚೆ!" ಎಂದಳು ರುಕ್ಮಕ್ಕ. ದನಿ ಎಳೆದೆಳೆದು ಬರುತ್ತಿತ್ತು. "ಬಾಗಿಲು ತೆಗಿ ರುಕ್ಮಕ್ಕ, ಸುಮಿತ್ರಾ ಎಲ್ಲಿ?" "ಇಲ್ಲೇ ಕೂತಿದ್ದಾಳೆ. ಕಣ್ಣು ಕತ್ತಲೆ ಅಂದ್ಲು. ನೀ ಒಳಗೆ ಬರಬೇಡ ಮಾಣಿ, ಬತ್ತಲೆ ಉಂಟು ಕೂಸು." ಸುಮಿತ್ರಾಳ ಸದ್ದಿಲ್ಲ. ಬಾಗಿಲಿಗೆ ಭುಜ ಕೊಟ್ಟೆ, ಅದು ಅಲುಗಲಿಲ್ಲ. ನೀನು ಮಾಡಿಸಿದ ಹಲಸಿನ ಬಾಗಿಲು.

ರಫೀಕ್ ಸಿಲಿಂಡರ್ ಬಂದ್ ಮಾಡಿದ. ನಾನು ಮನೆಯ ಹಿಂದಕ್ಕೆ ಓಡಿ, ಹಲಸಿನಕಾಯಿ ಕೊಯ್ಯುವ ದೋಟಿ ಎತ್ತಿಕೊಂಡು ಹಂಡೆಯ ಮೇಲೆ ಹತ್ತಿದೆ. ಉರುಳಿಸಿಟ್ಟಿದ್ದೆವಲ್ಲ, ಅದೇ ಹಂಡೆ. ಕಿಂಡಿಯ ಬಾಗಿಲಿಗೆ ದೋಟಿಯ ಬುಡ ಹಾಕಿ ತಳ್ಳಿದೆ. ಒಂದಲ್ಲ, ನಾಲ್ಕೈದು ಸಲ. ಹಲಗೆ ಮುರಿದು ನಿನ್ನ ಹಸಿರು ಸೀರೆಯ ಸಮೇತ ಒಳಗೆ ಬಿತ್ತು. ಬಿಸಿ ಆವಿ ನನ್ನ ಮುಖಕ್ಕೆ ಹೊಡೆಯಿತು. ಒಳಗೆ ರುಕ್ಮಕ್ಕನ ಚೀತ್ಕಾರ: "ಗಂಡಸರಿಗೆ ಬುದ್ಧಿ ಕೆಟ್ಟಿತಾ! ಕಿಂಡಿಯಲ್ಲಿ ಇಣುಕ್ತಾರಲ್ಲೋ!" ಬೈಗುಳ ಕೇಳಿ ನನಗೆ ಅಷ್ಟು ಸಮಾಧಾನ ಎಂದೂ ಆದದ್ದಿಲ್ಲ. ನಂತರ ಚಿಲಕ ತೆಗೆದ ಸದ್ದು. ಸುಮಿತ್ರಾಳನ್ನು ಆ ಸೀರೆಯಲ್ಲೇ ಸುತ್ತಿ ಅಂಗಳಕ್ಕೆ ತಂದು ಮಲಗಿಸಿದೆವು. ರಫೀಕ್ ಮುಖ ತಿರುಗಿಸಿ ನಿಂತು ಆಸ್ಪತ್ರೆಗೆ ಜೀಪು ಬೇಕೆಂದು ಬೀದಿಗೆ ಕೂಗುತ್ತಿದ್ದ. ಪುಷ್ಯದ ಗಾಳಿ ಅವಳ ಮೈಗೆಲ್ಲ ಸೋಕುತ್ತಿತ್ತು. ರುಕ್ಮಕ್ಕ ತಡೆಯಲಿಲ್ಲ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಮೂಗಿನ ಮೇಲೆ ಅದೇ ಪ್ಲಾಸ್ಟಿಕ್ ಬಟ್ಟಲು, ಅಮ್ಮಾ, ಅದೇ ಸುಯ್ ಸದ್ದು. ನಾನು ಪಕ್ಕದಲ್ಲಿ ಕೂತು, ನಿನ್ನ ಪಕ್ಕದಲ್ಲಿ ಕೂತಾಗ ಏನು ಮಾಡಿದ್ದೆನೋ ಅದನ್ನೇ ಮಾಡುತ್ತಿದ್ದೆ. ಅಂದರೆ ಏನೂ ಇಲ್ಲ. ಸಂಜೆ ಹೊತ್ತಿಗೆ ಅವಳು ಬಟ್ಟಲು ಸರಿಸಿ, "ಮಗು ಹಾಲಿಗೆ ಅಳ್ತಿಲ್ವಾ?" ಎಂದಳು. ತೊಂದರೆ ಇಲ್ಲ, ಹೊತ್ತಿಗೆ ಸರಿಯಾಗಿ ತಂದಿರಿ ಎಂದರು ಡಾಕ್ಟರು. ರುಕ್ಮಕ್ಕನಿಗೂ ಸ್ವಲ್ಪ ಹೊತ್ತು ಬಟ್ಟಲು ಹಾಕಿದ್ದರು. "ನಾ ಕಿವಿ ಹಿಂಡಿದ್ದು ಅದಕ್ಕೆ. ಪಾಪ, ಅದು ಬೇಡ ಬೇಡ ಅಂತಿತ್ತು" ಎಂದು ಅವಳು ಅತ್ತಳು.

ಕಳೆದ ವಾರ ರಫೀಕ್ ಗೀಸರನ್ನು ಬಚ್ಚಲ ಹೊರಗೋಡೆಗೆ ಸಾಗಿಸಿದ. ಮೇಲೊಂದು ತಗಡಿನ ಮಾಡು. ಒಳಗೆ ಬರುವುದು ನೀರಿನ ಪೈಪು ಮಾತ್ರ. ಅಂಕಿಗಳು ಈಗ ನನ್ನ ಕಡೆ. ಸ್ನಾನದ ಹೊತ್ತಿಗೆ ನಾನು ಅದರ ಮುಂದೆ ನಿಂತಿರುತ್ತೇನೆ. ಬೇಕಿಲ್ಲ, ಆದರೂ ನಿಲ್ಲುತ್ತೇನೆ. ಒಳಗಿನಿಂದ ರುಕ್ಮಕ್ಕ "ಬಾಚಣಿಗೆ ಬಂತಾ ಮಾಣಿ?" ಎನ್ನುತ್ತಾಳೆ. "ಇಲ್ಲ" ಎನ್ನುತ್ತೇನೆ. ಇಷ್ಟೇ ನನ್ನಿಂದಾಗುವ ಬಾಣಂತನ.

ಕಿಂಡಿಗೆ ಹೊಸ ಹಲಗೆ ಹಾಕಿಸಿದ್ದೇನೆ. ನಿನ್ನ ಚಪ್ಪಲಿ ತುಂಡು ಬೂದಿ ಡಬ್ಬದ ಹಿಂದೆ ಬಿದ್ದಿತ್ತು. ತೊಳೆದು ಅದೇ ಸಂದಿಗೆ ಸಿಕ್ಕಿಸಿದ್ದೇನೆ, ಇನ್ನು ಯಾರೂ ಅದನ್ನು ಕೀಳದಂತೆ ನೋಡಿಕೊಳ್ಳುತ್ತೇನೆ. ಆವತ್ತು ನೀನು ಗಾಳಿ ಸಾಲದು ಎಂದಾಗ ನಾನು ತೆಗೆಯಲು ಹೋದ ಕಿಟಕಿ ತೆರೆದೇ ಇತ್ತಮ್ಮ. ಈ ಸಲದ್ದು ಮುಚ್ಚಿತ್ತು, ತೆರೆಯಲು ನನ್ನಿಂದಾಯಿತು.

ನಿನ್ನ ಮಗ