ಅರ್ಪಿತಾಳ ಅಳತೆಯ ಬೆಳಕು

ಚನ್ನಗಿರಿ
14 ಸೆಪ್ಟೆಂಬರ್ 2025, ಭಾನುವಾರ

ತಂಗಿ ಮೂಕಮ್ಮ,

ಜೈಭೀಮ್. ಜಗಳೂರಿನ ಹಾಸ್ಟೆಲ್ ಅಡುಗೆಮನೆಯ ಹೊಗೆಗೆ ನಿನ್ನ ಕೆಮ್ಮು ಹೇಗಿದೆಯೋ ಏನೋ. ನೀನು ಫೋನ್ ಮಾಡಿ ಒಂಬತ್ತು ದಿನವಾಯಿತು. ಅವತ್ತು ನಾನು "ಮಿಷನ್ ಕೆಟ್ಟಿತ್ತು" ಅಂತಷ್ಟೇ ಹೇಳಿ ಫೋನ್ ಇಟ್ಟುಬಿಟ್ಟೆ. ಫೋನಿನಲ್ಲಿ ನೀನು ಅತ್ತರೆ ನಾನು ಭಾಷಣ ಶುರುಮಾಡುತ್ತೇನೆ. ಅದಕ್ಕೇ ಕಾಗದ. ತಡವಾಯಿತು, ಬೈದುಕೋ.

ಮಿಷನ್ ಕೆಟ್ಟಿರಲಿಲ್ಲ.

ನನ್ನ ಮಗಳು ಅರ್ಪಿತಾಳಿಗೆ ದೂರದ್ದು ಮಸುಕಾಗಿ ಕನ್ನಡಕದ ನಂಬರ್ ವರ್ಷವರ್ಷ ಏರುತ್ತಿತ್ತಲ್ಲ, ಅದನ್ನು ತಡೆಯಲು ಕಣ್ಣಿನ ಕ್ಲಿನಿಕ್ಕಿನವರು ಮನೆಗೆ ಕೊಟ್ಟ ಯಂತ್ರ ಅದು. ಬೆಳಿಗ್ಗೆ ಮೂರು ನಿಮಿಷ, ಸಂಜೆ ಮೂರು ನಿಮಿಷ ಕಣ್ಣಿಟ್ಟು ಕೆಂಪು ಬೆಳಕು ನೋಡಬೇಕು. ಎಷ್ಟು ಬೆಳಕು ಎಂಬುದನ್ನು ಅವಳ ಕಣ್ಣು ಅಳೆದೇ ಇಟ್ಟಿದ್ದರು. ಒಳಗಿನ ಪುಟ್ಟ ಕ್ಯಾಮೆರಾ ಅವಳ ಕಣ್ಣನ್ನಷ್ಟೇ ಗುರುತು ಹಿಡಿಯುತ್ತದೆ. ಬೇರೆ ಯಾರು ಮುಖ ಇಟ್ಟರೂ ಬೆಳಕು ಹತ್ತುವುದಿಲ್ಲ. ಅದೇ ಅದರ ಬೀಗ.

ನಿನ್ನ ಮಗಳು ಯಶೋಧರಾ ಜೂನ್‌ನಲ್ಲಿ ಓದಲೆಂದು ನಮ್ಮ ಮನೆಗೆ ಬಂದಾಗ ಅವಳ ನಂಬರೂ ಏರಿತ್ತು. ಅದೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿ ಕಣ್ಣು ಅಳೆಯುವವಳು ಕಲ್ಪನಾ, ಅಡಿಕೆ ಮಂಡಿ ಬೆನಕಪ್ಪನ ಮಗಳು.

"ಸಾರ್, ಈಕೆ ಕಣ್ಣಿನ ಪಾಪೆ ಅಗಲ ಐತೆ, ಬೆಳಕು ಜಾಸ್ತಿ ಒಳಗೆ ಹೋಗ್ತೈತೆ. ಒಳಗಿನ ಪರದೆನೂ ಸ್ವಲ್ಪ ಸೂಕ್ಷ್ಮ ಕಾಣ್ತೈತೆ. ಇನ್ನೊಂದು ಪರೀಕ್ಷೆ ಆಗಬೇಕು. ಅಲ್ಲೀತನಕ ಕನ್ನಡಕ ಹಾಕ್ಲಿ, ಬಯಲಾಗೆ ಆಡ್ಲಿ. ಇದು ಬ್ಯಾಡ ರೀ."

"ಆಕೆಗೆ ಐತೆ, ಈಕೆಗೆ ಯಾಕೆ ಬ್ಯಾಡ? ಇಬ್ರೂ ಒಂದೇ ಮನೆ ಮಕ್ಕಳು."

"ಮನೆ ಒಂದೇ ಸಾರ್, ಕಣ್ಣು ಬೇರೆ."

ಎರಡು ಸಲ ಹೇಳಿದಳು, ಬಿಡಿಸಿ, ನಮ್ಮ ಮಾತಿನಲ್ಲೇ. ನಾನು ಅವಳ ಹಣೆಯ ವಿಭೂತಿ ನೋಡಿದೆ, ಮಾತು ಕೇಳಲಿಲ್ಲ. ನನ್ನ ಕಿವಿಗೆ ಬಿದ್ದದ್ದು "ನಿಮಗೆ ಬ್ಯಾಡ" ಅನ್ನುವುದಷ್ಟೇ. ನಮ್ಮೂರ ಹೋಟೆಲಿನ ಗೋಡೆಗೂಡಿನಲ್ಲಿ ನಮಗೆಂದೇ ಇಟ್ಟಿದ್ದ ಲೋಟ ನಿನಗೆ ನೆನಪಿದೆಯಲ್ಲ, ಕುಡಿದು ನಾವೇ ತೊಳೆದಿಡುತ್ತಿದ್ದ ಲೋಟ. ಆ ಯಂತ್ರದ ಬೀಗ ನನಗೆ ಹಾಗೇ ಕಂಡಿತು.

ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಮಾಡುವ ವಿನಯ್ ಕುಮಾರನ ಬಳಿ ಯಂತ್ರವನ್ನು ಒಯ್ದೆ. "ಬಿಚ್ಚಾಕೆ ಹತ್ತು ನಿಮಿಷ ಸಾರ್. ಆಮೇಲೆ ಯಾರು ಬೇಕಾದ್ರೂ ನೋಡಬೌದು. ನನ್ನ ಹೆಸರು ಮಾತ್ರ ಎಲ್ಲೂ ಹೇಳಬ್ಯಾಡ್ರಿ" ಅಂದ. ಹೆಸರು ನಿನಗೆ ಹೇಳಿದ್ದೇನೆ, ಬೇರೆಲ್ಲೂ ಹೇಳುವುದಿಲ್ಲ. ಬಿಚ್ಚಿಸಿದವನು ನಾನು. ಬೀಗ ಹೋಯಿತು, ಬೆಳಕು ಮಾತ್ರ ಅರ್ಪಿತಾಳ ಅಳತೆಯದೇ ಉಳಿಯಿತು. "ಈ ಮನೆಯಾಗೆ ಬೆಳಕಿಗೆ ಬೀಗ ಇಲ್ಲ" ಅಂತ ಇಬ್ಬರೂ ಹುಡುಗಿಯರ ಮುಂದೆ ಎದೆಯುಬ್ಬಿಸಿ ಹೇಳಿದೆ. ನಿನ್ನ ಅತ್ತಿಗೆ ಅನ್ನಪೂರ್ಣ, "ಕಣ್ಣಿನ ವಿಷಯ ರೀ, ಮೈಕಿನ ಮುಂದಿನ ಮಾತು ಇಲ್ಲಿ ಬ್ಯಾಡ" ಅಂದಳು. ಅವಳಿಗೂ ಜೋರು ಮಾಡಿದೆ.

ಹನ್ನೊಂದು ದಿನ ಯಶೋಧರಾ ಅದಕ್ಕೆ ಕಣ್ಣಿಟ್ಟಳು. ಆಮೇಲೆ ಶಾಲೆಯಿಂದ ಕರೆ ಬಂತು, ಹುಡುಗಿ ಓದುವಾಗ ನಡುವಿನ ಅಕ್ಷರ ನುಂಗುತ್ತಾಳೆ ಅಂತ. ಬಲಗಣ್ಣಿನ ಪರದೆಯ ನಟ್ಟನಡುವೆ ಸುಟ್ಟಿದೆ. ಎಡಗಣ್ಣು ಮುಚ್ಚಿಕೊಂಡು ನನ್ನನ್ನು ನೋಡಿದರೆ ಅವಳಿಗೆ ನನ್ನ ಕಿವಿಗಳು ಕಾಣುತ್ತವೆ, ಮುಖ ಕಾಣುವುದಿಲ್ಲ.

ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ಅವಳೇ ಬಾಯಿ ಹಾಕಿದಳು. "ನಾನೇ ಕದ್ದು ನೋಡ್ದೆ. ಮಾವಗೆ ಗೊತ್ತಿಲ್ಲ." ಹತ್ತು ವರ್ಷದ ಹುಡುಗಿ. ಮೂವತ್ತು ವರ್ಷ ಧರಣಿಗಳಲ್ಲಿ ಕೂಗಿದ ಈ ಗಂಟಲು ಅಲ್ಲಿ ಮುಚ್ಚಿಕೊಂಡು ಕೂತಿತ್ತು. ಹೊರಗೆ ಬಂದು ಮಿಷನ್ ಕೆಟ್ಟದ್ದು ಅಂತ ಎಲ್ಲರಿಗೂ ಸಾರಿದೆ. ಅದನ್ನು ನಂಬಿ ಹೊನ್ನಾಳಿಯ ನಮ್ಮ ಸಂಘಟನೆಯ ಸಿದ್ದೇಶ್ ಕರಪತ್ರ ಹಾಕಿಸಿದ. ಗುರುವಾರ ಕ್ಲಿನಿಕ್ಕಿನ ಮುಂದೆ ಧರಣಿ, ನ್ಯಾಮತಿಯಿಂದಲೂ ಜನ ಬರುತ್ತಾರೆ, ಕಲ್ಪನಾಳನ್ನು ಕೆಲಸದಿಂದ ತೆಗೆಯಬೇಕಂತೆ. ಕ್ಲಿನಿಕ್ಕಿನ ಯಜಮಾನನಿಗೆ ಅಷ್ಟೇ ಸಾಕಾಯಿತು, ಆಗಲೇ ಅವಳನ್ನು ಮನೆಗೆ ಕಳಿಸಿದ್ದಾನೆ.

ನಿನ್ನೆ ಡಾಕ್ಟರ ಮುಂದೆ ಎಲ್ಲ ಹೇಳಿದೆ. ಎಷ್ಟು ದಿನ, ಎಷ್ಟು ನಿಮಿಷ, ಯಾರ ಅಳತೆ, ಬರೆದುಕೊಂಡರು. ಕೆಲವರಿಗೆ ತಿಂಗಳುಗಳಲ್ಲಿ ತಾನಾಗಿ ಸರಿಹೋಗುತ್ತದೆ, ಕೆಲವರಿಗೆ ಇಲ್ಲ ಅಂದರು. ಇದಕ್ಕಿಂತ ಒಳ್ಳೆಯ ಮಾತು ನನ್ನ ಬಳಿ ಇಲ್ಲ ತಂಗಿ. ಸಿದ್ದೇಶನಿಗೂ ಹೇಳಿದೆ. "ಅಣ್ಣಾ, ಕರಪತ್ರ ಹಂಚಿ ಆಗೈತೆ. ಈಗ ಹಿಂಗಂದ್ರೆ ಸಂಘಟನೆ ಮಾನ ಹೆಂಗೆ?" ಅಂದ. ಗುರುವಾರ ಅದೇ ಮೈಕಿನಲ್ಲಿ ಹೇಳುತ್ತೇನೆ. ಯಂತ್ರ ಮನೆಗೆ ಕೊಟ್ಟಮೇಲೆ ಒಂದು ದಿನವೂ ಬಂದು ನೋಡದ ಯಜಮಾನನನ್ನೂ ಬಿಡುವುದಿಲ್ಲ. ಆದರೆ ಮೊದಲು ನನ್ನ ಹೆಸರು. ನಮ್ಮ ಸಿಟ್ಟು ಸುಳ್ಳಲ್ಲ, ಆ ಲೋಟ ಸುಳ್ಳಲ್ಲ. ಅದನ್ನು ತಂದು ಮಗುವಿನ ಕಣ್ಣಿಗೆ ಹಿಡಿದದ್ದು ನನ್ನ ತಪ್ಪು.

ಬಂದು ಮಗಳನ್ನು ಕರೆದೊಯ್ಯುವುದಾದರೆ ತಡೆಯುವುದಿಲ್ಲ. ಇಲ್ಲೇ ಬಿಟ್ಟರೆ ಪ್ರತಿ ತಪಾಸಣೆಗೂ ನಾನೇ ಕರೆದೊಯ್ಯುತ್ತೇನೆ. ನನ್ನ ಹಾರೈಕೆ ಬೇಡವೆನಿಸಿದರೆ ಬಿಡು. ಬುದ್ಧನ ಕರುಣೆ ನಿನ್ನ ಮೇಲೂ ಅವಳ ಮೇಲೂ ಇರಲಿ.

ನಿನ್ನ ಅಣ್ಣ,
ದುರುಗೇಶ್

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮೂರನೆಯ ದಿನವೇ ಅವಳು ಹೇಳಿದ್ದಳು. "ಮಾವ, ಭಾಳ ಬೆಳಕು ಐತೆ. ಎದ್ದಮೇಲೆ ನಡುವೆ ಕಪ್ಪು ಕೂರ್ತೈತೆ, ಹೋಗಲ್ಲ." ಅರ್ಪಿತಾಗೆ ಆಗದ್ದು ನಿನಗೆ ಯಾಕಾಗುತ್ತದೆ, ನೀನೇನು ಅವಳಿಗಿಂತ ಕಡಿಮೆಯವಳಾ ಅಂತ ಗದರಿದೆ. ಮತ್ತೆ ಮುಖ ಇಟ್ಟಳು. ಮೂರು ನಿಮಿಷ ತುಂಬುವ ತನಕ ತಲೆ ಎತ್ತದಿರಲೆಂದು ಅವಳ ಜಡೆಯ ಮೇಲೆ ಕೈ ಒತ್ತಿಕೊಂಡು ನಿಂತಿದ್ದೆ. ಆಮೇಲಿನ ಎಂಟು ದಿನ ಅವಳು ಏನೂ ಹೇಳಲಿಲ್ಲ.