ಗಲ್ಲ ಹಿಡಿದ ಕೈ

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಭಾವನನ್ನು ಕೇಳಿದೆನೆಂದು ಹೇಳು. 'ಭಾವ' ಎಂಬ ಪದವನ್ನು ಈ ಮನೆಯಲ್ಲಿ ಆಡುವಂತಿಲ್ಲ, ಬರೆಯಲು ಅಡ್ಡಿಯಿಲ್ಲ. ನಾನು ಚೆನ್ನಾಗಿದ್ದೇನೆ, ಅಂದರೆ ಉಣ್ಣುತ್ತೇನೆ, ಮಲಗುತ್ತೇನೆ. ಅಪ್ಪನ ಮಂಡಿನೋವು ಹಾಗೇ ಇದೆ. ಕೋಪವೂ ಹಾಗೇ ಇದೆ.

ನಿನ್ನೆ ಅಮ್ಮನ ನೆನಪಿನ ಸಭೆ ಮುಗಿಯಿತು. ಬಾಡಿಗೆಯ ಹಾಲ್, ಪ್ಲಾಸ್ಟಿಕ್ ಕುರ್ಚಿಗಳು, ಪೇಪರ್ ಲೋಟದಲ್ಲಿ ಚಹಾ. ಮೊದಲು ಎದ್ದು ನಿಂತವರು ದೊಡ್ಡಪ್ಪ. "ನನ್ನ ತಮ್ಮನ ಹೆಂಡತಿ ಒಂದು ದಿನವೂ ದನಿ ಎತ್ತಿದವಳಲ್ಲ" ಎಂದರು. ದನಿ ಎತ್ತುವುದೇ ಅವಳ ಉದ್ಯೋಗವಾಗಿತ್ತಲ್ಲ ಅಕ್ಕಾ! ಇಡೀ ಬಸ್ ನಿಲ್ದಾಣಕ್ಕೆ ಕೇಳಿಸಿದ ಆ ದನಿ ಇವರೊಬ್ಬರ ಕಿವಿಗೆ ಬಿದ್ದಿಲ್ಲ. ಬಸ್ಸುಗಳ ಹೊತ್ತು ಸಾರುವ ಮೈಕಿನ ಮುಂದೆ ಕೂತು ಅವಳು, "ಸುಮ್ಮನೆ ಹಾರನ್ ಒತ್ತುತ್ತಿರೋ ಡ್ರೈವರಣ್ಣ, ನಮಗೂ ಕಿವಿ ಇದೆ, ಕೈ ತೆಗೀರಿ" ಅಂದದ್ದಕ್ಕೆ ನಿಲ್ದಾಣದ ಸಾಹೇಬರು ವಿವರಣೆ ಕೇಳಿದ್ದು ನೆನಪಿದೆಯಾ? ಮನೆಯಲ್ಲೂ ಅದೇ ವರಸೆ. "ಪ್ರಯಾಣಿಕರ ಗಮನಕ್ಕೆ, ಅನ್ನ ಸಾರು ಹೊರಡಲು ಸಿದ್ಧವಾಗಿದೆ, ಪುಸ್ತಕದಲ್ಲಿ ಮುಳುಗಿರೋ ಗುಮ್ಮನಗುಸಕರು ಎದ್ದು ಬರಬೇಕು." ಆ ಅಮ್ಮನನ್ನು ನಿನ್ನೆ ಒಬ್ಬರೂ ನೆನೆಯಲಿಲ್ಲ. ತಾಳ್ಮೆಯ ಮೂರ್ತಿ, ಮೌನಗೌರಿ ಎಂದು ಯಾವಳನ್ನೋ ಹೊಗಳಿ ಚಹಾ ಕುಡಿದು ಹೋದರು. ಕನ್ನಡ ಎಂ.ಎ. ಮಾಡಿದ ನಾನು ಕೊನೆಯ ಸಾಲಿನಲ್ಲಿ ಲೋಟ ಹಿಸುಕುತ್ತಾ ಕೂತಿದ್ದೆ.

ಫೋಟೋದ ವಿಷಯ ಹೇಳಬೇಕು. ಅಮ್ಮ ಬಾಯ್ತುಂಬ ನಗುವ ಚಿತ್ರ ನಮ್ಮಲ್ಲಿರುವುದು ಒಂದೇ. ಮಿಕ್ಕವುಗಳಲ್ಲಿ ಅಪ್ಪನ ಪಕ್ಕ ನಿಂತಿದ್ದಾಳೆ. ಮಗುವಾಗಿದ್ದ ನೀನು ಅವಳ ತೊಡೆಯ ಮೇಲೆ ಕೂತು, ಗಲ್ಲ ಹಿಡಿದು ಮುಖವನ್ನು ನಿನ್ನ ಕಡೆಗೆ ಎಳೆದುಕೊಳ್ಳುತ್ತಿದ್ದೀಯಲ್ಲ, ಅದು. ಅಪ್ಪ ಅದರಿಂದ ನಿನ್ನನ್ನು ಕತ್ತರಿಸಿ ಅವಳನ್ನಷ್ಟೇ ದೊಡ್ಡದು ಮಾಡಿಸಿದರು. ಅಮ್ಮ ಚೌಕಟ್ಟಿನಾಚೆ ಇರುವ ಯಾರನ್ನೋ ನೋಡಿ ನಗುತ್ತಾಳೆ. "ದೇವರನ್ನೇ ನೋಡ್ತಿದಾಳೆ ನೋಡಿ" ಎಂದರು ದೊಡ್ಡಪ್ಪ. ಆದರೆ ಗಲ್ಲದ ಮೇಲೆ ನಿನ್ನ ಪುಟ್ಟ ಕೈ ಉಳಿದುಬಿಟ್ಟಿತ್ತು. ಚಹಾ ಹಂಚುತ್ತಿದ್ದಾಕೆ "ಯಾರದು ಆ ಕೈ?" ಎಂದು ಕೇಳಿದಾಗ ಅಪ್ಪ ಮುಖ ತಿರುಗಿಸಿದರು. ಮನೆಗೆ ಬಂದವರೇ, "ಸ್ಟುಡಿಯೋಗೆ ಹೋಗಿ ಅದನ್ನ ಅಳಿಸ್ಕೊಂಡು ಬಾ. ಆಮೇಲೆ ಗೋಡೆಗೆ ಹಾಕೋಣ" ಎಂದು ನನಗೆ ಕೊಟ್ಟರು.

ನಿನ್ನ ಮೇಲೂ ಸಿಟ್ಟಿದೆ ಅಕ್ಕಾ. ಅಮ್ಮ ಹೋದ ದಿನ ನಾನು ನಿನಗೆ ಫೋನ್ ಮಾಡಿದಾಗ ಅಪ್ಪ ಕಿತ್ತುಕೊಂಡು "ಬಂದರೆ ಬಾಗಿಲು ತೆಗೆಯೋಲ್ಲ" ಅಂದರು. ನೀನು ಬರಲಿಲ್ಲ. ಅವರ ಮಾತು ಮೀರಿ ಮದುವೆಯಾದವಳು ಈ ಒಂದು ಮಾತನ್ನು ಮಾತ್ರ ಯಾಕೆ ಪಾಲಿಸಿದೆ? ಆಸ್ಪತ್ರೆಯಲ್ಲಿ ಅಮ್ಮ ಬಾಗಿಲಿನ ಕಡೆಗೇ ಮುಖ ಮಾಡಿ ಮಲಗುತ್ತಿದ್ದಳು. ನರ್ಸ್ ತಿರುಗಿಸಿ ಮಲಗಿಸಿದರೆ ಮತ್ತೆ ಹೊರಳುತ್ತಿದ್ದಳು. ಇದನ್ನು ನಿನಗೆ ನೋವಾಗಲಿ ಎಂದೇ ಬರೆದಿದ್ದೇನೆ.

ಭಾವನಿಗೆ ನನ್ನ ನಮಸ್ಕಾರ. ಭಾರ ಎತ್ತಬೇಡ, ಬೆನ್ನು ಜೋಪಾನ.

ನಿನ್ನ
ಗುಮ್ಮನಗುಸಕ

ತಾ.ಕ.: ಬುಧವಾರ. ಕಾಗದ ಹಾಕುವುದು ತಡವಾಯಿತು. ಸ್ಟುಡಿಯೋದಲ್ಲಿ ನಾನು ಕೈ ಅಳಿಸಲಿಲ್ಲ, ಹಳೆಯ ಚಿತ್ರವನ್ನೇ ಪೂರ್ತಿ ದೊಡ್ಡದು ಮಾಡಿಸಿ ತಂದು ನಡುಮನೆಯಲ್ಲಿ ಎತ್ತರಕ್ಕೆ ಮೊಳೆ ಹೊಡೆದು ಹಾಕಿದೆ. ಅಪ್ಪ "ಇಳಿಸು" ಎಂದರು. "ಇಳಿಸಲ್ಲ" ಎಂದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಅಪ್ಪನಿಗೆ ಮಂಡಿನೋವು, ಸ್ಟೂಲು ಹತ್ತಲಾರರು. ಹೊರಗಿನವರನ್ನು ಕರೆಯಲು ನಾಚಿಕೆ. ಒಂದನೇ ತಾರೀಕಿಗೆ ನಾನು ಕೆಲಸಕ್ಕೆ ಸೇರಲು ಬೇರೆ ಊರಿಗೆ ಹೊರಡುತ್ತೇನೆ. ಅಷ್ಟರೊಳಗೆ ಬಾ, ಬಾಗಿಲು ನಾನು ತೆಗೆಯುತ್ತೇನೆ. ನಾನು ಹೋದ ಮೇಲೆ ಸ್ಟೂಲು ಹತ್ತಿ ಇಳಿಸಲು ದೊಡ್ಡಪ್ಪ ಇದ್ದೇ ಇದ್ದಾರೆ.