ಮಾನೆಸನ ಎಡಗೆನ್ನೆ

ರೋಮಿನ ಸೀಮೆಯ ಪುಟಿಯೋಲಿ ಬಂದರು,
ಸೆಪ್ಟೆಂಬರ್ ತಿಂಗಳ ನಡುಭಾಗ, ದ್ರಾಕ್ಷಿ ಕೊಯ್ಲು ಶುರುವಾದ ಮೂರನೆಯ ದಿನ

ಮಿರ್ರಿನೆ ಅಕ್ಕನಿಗೆ ತಮ್ಮ ಹೆರ್ಮಿಯಾಸ್ ಮಾಡುವ ನಮಸ್ಕಾರ.

ನೀನು, ಭಾವ, ಮೊಮ್ಮಕ್ಕಳು ಎಲ್ಲರೂ ಸುಖವಾಗಿದ್ದರೆ ನನಗೂ ಸುಖ. ನಾನು ಗಟ್ಟಿಯಾಗಿದ್ದೇನೆ. ಕಲ್ಲುಪುಡಿಯ ಕೆಮ್ಮು ಶುರುವಾಗಿದೆ, ಆದರೆ ಅಪ್ಪನಿಗಿದ್ದಷ್ಟಿಲ್ಲ.

ಎರಡು ವರ್ಷದಿಂದ ಒಂದು ಗೆರೆಯನ್ನೂ ಬರೆಯಲಿಲ್ಲ. ಹಡಗು ಸಿಗಲಿಲ್ಲ ಎಂದರೆ ನೀನು ನಂಬುವವಳಲ್ಲ. ಇದು ಹಡಗಿನದೇ ಊರು, ದಿನಕ್ಕೊಂದಾದರೂ ಪೂರ್ವಕ್ಕೆ ಹೊರಡುತ್ತದೆ. ಬರೆಯಲು ಕುಳಿತರೆ ಮೊದಲು ಹೇಳಬೇಕಾದ ಮಾತನ್ನು ಬರೆಯಲಾರದೆ ಎದ್ದುಬಿಡುತ್ತಿದ್ದೆ. ನಿನ್ನ ಎರಡು ಕಾಗದಗಳೂ ತಲುಪಿದವು. ತಪ್ಪು ನನ್ನದೇ, ಕ್ಷಮಿಸು. ಕೋಸ್ ದ್ವೀಪದ ನಾವಿಕನೊಬ್ಬ ನಾಳೆ ಹೊರಡುತ್ತಾನೆ. ಗಾಳಿ ಕೆಡುವ ಮೊದಲು ದೇಲೋಸ್ ಮುಟ್ಟಿ, ಅಲ್ಲಿಂದ ನಮ್ಮ ಪಾರೋಸಿಗೆ ಹೋಗುವವರ ಕೈಗೆ ಇದನ್ನು ಕೊಡುತ್ತೇನೆ ಎಂದಿದ್ದಾನೆ. ಕಲ್ಲಿನ ಮೇಲೆ ಅಕ್ಷರ ಗುರುತು ಹಾಕಲು ಇನ್ನೊಂದು ಕೈ ಬೇಕೆಂದು ಅಪ್ಪ ನಿನಗೂ ಬರಹ ಕಲಿಸಿದ್ದು ಎಷ್ಟು ಒಳ್ಳೆಯದಾಯಿತು. ಈ ಪತ್ರವನ್ನು ಪೇಟೆಯ ಬರಹಗಾರನ ಬಾಯಿಂದ ಕೇಳಿಸಿಕೊಳ್ಳುವ ಹಾಗಿಲ್ಲ.

ಕ್ಲೆಯೋ ಹೇಗಿದ್ದಾಳೆ? ನನ್ನ ಹೆಂಡತಿ ನಿನ್ನ ಮನೆಯ ಹಿಂದಿನ ಕೋಣೆಯಲ್ಲಿ, ನಿನ್ನ ಕಣ್ಣೆದುರಿಗೆ ಮಗ್ಗ ಹಾಕಿಕೊಂಡಿದ್ದಾಳೆ ಎಂಬ ಧೈರ್ಯದಿಂದ ನಾನಿಲ್ಲಿ ಎಂಟು ವರ್ಷ ಕಳೆದೆ. ಅವಳು ನನ್ನ ಬಗ್ಗೆ ಕೇಳಿದಳೋ ಇಲ್ಲವೋ, ಅದನ್ನು ಬರೆಯಬೇಡ.

ಇಲ್ಲಿ ನಾನು ಮಾಡುವ ಕೆಲಸವೇನು ಎಂದು ಕೇಳಿದ್ದೆ. ನಮ್ಮ ಕಾರ್ಖಾನೆಯ ಯಜಮಾನ ಸ್ಟ್ರಾಟೋನ್ ಅಥೆನ್ಸಿನವನು. ಅಲ್ಲಿನ ಹಳೆಯ ಕಂಚಿನ ವಿಗ್ರಹಗಳಿಗೆ ಗಾರೆ ಮೆತ್ತಿ ಅಚ್ಚು ತೆಗೆಸಿ, ಹಡಗಿನಲ್ಲಿ ತರಿಸುತ್ತಾನೆ. ಕೈ ಒಂದು ಪೆಟ್ಟಿಗೆಯಲ್ಲಿ, ತಲೆ ಇನ್ನೊಂದರಲ್ಲಿ. ನಾವು ಅವನ್ನು ಜೋಡಿಸಿ, ಮೈತುಂಬ ಚುಕ್ಕಿ ಗುರುತು ಹಾಕಿ, ಅಳತೆ ಹಿಡಿದು ಅಮೃತಶಿಲೆಯಲ್ಲಿ ಅದನ್ನೇ ಕೆತ್ತುತ್ತೇವೆ. ರೋಮಿನ ದೊಡ್ಡವರ ತೋಟಗಳಿಗೆ ಎಷ್ಟಿದ್ದರೂ ಸಾಲದು. ನಾನೊಬ್ಬನೇ ಒಬ್ಬ ಓಟಗಾರನನ್ನು ಏಳು ಸಲ ಕೆತ್ತಿದ್ದೇನೆ. ಕಂಚಾದರೆ ಒಂಟಿ ಕಾಲಿನ ಮೇಲೆ ನಿಲ್ಲುತ್ತದೆ, ಕಲ್ಲು ಮುರಿಯುತ್ತದೆ. ಆದ್ದರಿಂದ ಕಾಲಿನ ಹಿಂದೆ ಆಸರೆಗೆ ಮರದ ಬೊಡ್ಡೆಯ ಆಕಾರದಲ್ಲಿ ಕಲ್ಲು ಬಿಡಬೇಕು. ನಮ್ಮ ಹಿಂದಿನವರ ಓಟಗಾರರೆಲ್ಲ ಇಲ್ಲಿ ಬೊಡ್ಡೆಗೆ ಒರಗಿಕೊಂಡು ಓಡುತ್ತಾರೆ.

ಹೋದ ವರ್ಷ ತೆರಿಗೆಯ ಅಧಿಕಾರಿಯೊಬ್ಬ ಬಂದು, ಎಳೆಯ ದೇವರ ಮೈಗೆ ತನ್ನ ತಲೆ ಬೇಕೆಂದ. ಬೋಳು ತಲೆ, ಜೋಲು ಗಲ್ಲ, ಮೂಗಿನ ಮೇಲೆ ನರೂಲಿ. ಕತ್ತಿನವರೆಗೆ ದೇವರು, ಅಲ್ಲಿಂದ ಮೇಲೆ ಸುಂಕದ ಕಟ್ಟೆ. ಅವನು ಅತ್ತ ಹೋದ ಮೇಲೆ ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಸ್ಟ್ರಾಟೋನ್ ಮಾತ್ರ, "ನಗ್ಬೇಡ್ರೋ, ನಮಗೆ ರೊಟ್ಟಿ ಹಾಕೋ ತಲೆ ಅದು" ಎಂದ. ಆಗ ನಾನೂ ನಕ್ಕವನೇ. ಮುಖವೆಂದರೆ ತಿದ್ದಿ ಒಪ್ಪಮಾಡಿದ್ದು, ಯಾರದೂ ಅಲ್ಲದ್ದು, ಆದ್ದರಿಂದಲೇ ಎಲ್ಲರಿಗೂ ಸಲ್ಲುವಂಥದ್ದು ಎಂದು ನಮಗೆ ಕಲಿಸಿದ್ದರಲ್ಲ.

ಈ ಬೇಸಿಗೆಯಲ್ಲಿ ಕ್ರೆಸ್ತೆ ಎಂಬ ಮುದುಕಿ ಬಂದಳು. ಬಂದರಿನ ಹಿಂದಿನ ಬೀದಿಯಲ್ಲಿ ಅವಳದು ಬಟ್ಟೆಗೆ ಬಣ್ಣ ಹಾಕುವ ಅಂಗಡಿ. ಮೊಣಕೈವರೆಗೆ ನೇರಳೆ ಬಣ್ಣ ಹತ್ತಿಕೊಂಡ ಕೈಗಳು. ತೊಳೆದರೆ ಹೋಗುವಂಥ ಬಣ್ಣವಲ್ಲ ಅದು. ಅವಳೂ ಅವಳ ಗಂಡ ಮಾನೆಸನೂ ಒಂದೇ ಮನೆಯ ಗುಲಾಮರಾಗಿದ್ದವರು, ನಡುವಯಸ್ಸಿನಲ್ಲಿ ಬಿಡುಗಡೆಯಾದವರು. ಗಂಡ ಸತ್ತು ಹನ್ನೊಂದು ವರ್ಷ. ಇಬ್ಬರೂ ಕಿಟಕಿಯಿಂದ ಹೊರಗೆ ನೋಡುತ್ತಿರುವ ಹಾಗೆ ಒಂದು ಸಮಾಧಿಕಲ್ಲು ಬೇಕು ಎಂದಳು. ತಾನು ಬದುಕಿರುವಾಗಲೇ ನೋಡಬೇಕಂತೆ.

ಅವಳನ್ನು ಎದುರಿಗೆ ಕೂರಿಸಿ ಮಣ್ಣಿನಲ್ಲಿ ಮೊದಲು ಅವಳ ಮುಖ ಮಾಡಿದೆ. ನಾಲ್ಕನೆಯ ದಿನ ಎದ್ದು ಬಂದು ನೋಡಿದಳು.

"ಯಾರಪ್ಪಾ ಇವಳು? ನನ್ನ ಸೊಸೆನಾ?"

"ನೀವೇ ಅಮ್ಮ."

"ನನಗೆ ಎಪ್ಪತ್ತು ತುಂಬ್ತು ಕಣೋ. ಸುಕ್ಕೆಲ್ಲ ಎಲ್ಲಿ ಬಚ್ಚಿಟ್ಟೆ? ತಂದುಕೊಡು."

"ಅಮ್ಮ, ಕಲ್ಲು ಅಂದ್ರೆ ಸಾವಿರ ವರ್ಷ ಇರೋದು. ಒಂಚೂರು ಚೆನ್ನಾಗಿ ಕಾಣ್ಲಿ ಅಂತ..."

"ಸಾವಿರ ವರ್ಷ ಇನ್ಯಾರೋ ಆಗಿ ಕೂತಿರ್ಲಾ? ನಲವತ್ತು ವರ್ಷ ಇನ್ನೊಬ್ಬರ ಆಳಾಗಿದ್ದೆ. ಹೆಸರೂ ಅವರಿಟ್ಟಿದ್ದೇ. ಕ್ರೆಸ್ತೆ, ಕೆಲಸಕ್ಕೆ ಬರೋಳು ಅಂತ. ಅಪ್ಪ ಅಮ್ಮ ಇಟ್ಟ ಹೆಸರು ನನಗೇ ಗೊತ್ತಿಲ್ಲ. ನಂದು ಅಂತ ಇರೋದು ಈ ಮೋರೆ ಒಂದೇ. ಅದನ್ನೂ ಒರೆಸಿ ಹಾಕ್ತೀಯಾ?"

ನಾನು ಮಣ್ಣನ್ನು ಕಿತ್ತು ಮತ್ತೆ ಶುರು ಮಾಡಿದೆ. ಅಕ್ಕಾ, ನಂಬು, ನನ್ನಿಂದ ಆಗುತ್ತಿರಲಿಲ್ಲ. ಕಣ್ಣು ಸುಕ್ಕನ್ನು ನೋಡುತ್ತಿತ್ತು, ಹೆಬ್ಬೆರಳು ತಾನಾಗಿ ಅದನ್ನು ನುಣುಪು ಮಾಡಿಬಿಡುತ್ತಿತ್ತು. ಮೂವತ್ತು ವರ್ಷದ ಅಭ್ಯಾಸ. ಆ ಮುದುಕಿ ಉಪ್ಪುಮೀನು, ರೊಟ್ಟಿ ಕಟ್ಟಿಕೊಂಡು ಬಂದು ದಿನವೂ ಕೂರುವಳು, ನನ್ನ ಹೆಬ್ಬೆರಳನ್ನೇ ಕಾಯುವಳು. "ಹೂಂ, ಮತ್ತೆ ಹೋಯ್ತು ನೋಡು, ನನ್ನ ಗಲ್ಲದ ಗೆರೆ" ಎಂದು ಗದರುವಳು. ಹತ್ತನೆಯ ದಿನದ ಹೊತ್ತಿಗೆ ಅವಳ ಮುಖ ಬಂತು. ತುಟಿಯ ಸುತ್ತ ದಾರ ಎಳೆದ ಚೀಲದ ಹಾಗೆ ನೆರಿಗೆ, ಒಂದು ಕಣ್ಣಿನ ರೆಪ್ಪೆ ಇಳಿಬಿದ್ದದ್ದು. ಮುದ್ದಾಗೇನೂ ಇರಲಿಲ್ಲ. ಆದರೆ ನೋಡುತ್ತ ನಿಂತರೆ ಈಗ ಬೈಯುತ್ತಾಳೆ ಎನ್ನಿಸುತ್ತಿತ್ತು.

ಆ ದಿನಗಳಲ್ಲಿ ನನಗೆ ನಮ್ಮ ಊರಿನ ಕಲ್ಲುಗಳು ನೆನಪಾದವು. ಅಜ್ಜನ ಹೊಲ ಉಳುವಾಗ ಗೇಣುದ್ದದ ಬಿಳಿಗೊಂಬೆ ಸಿಕ್ಕಿತ್ತಲ್ಲ, ಎದೆಯ ಮೇಲೆ ಕೈ ಕಟ್ಟಿಕೊಂಡದ್ದು? ಹಲಗೆಯಂಥ ಮುಖ, ಅದರಲ್ಲಿ ಮೂಗು ಬಿಟ್ಟರೆ ಏನೂ ಇರಲಿಲ್ಲ. ನೀನು ಅದಕ್ಕೆ ಮಸಿಯಲ್ಲಿ ಕಣ್ಣು ಬರೆದು ಅಜ್ಜಿಯ ಹತ್ತಿರ ಏಟು ತಿಂದೆ. ಯಾವ ಕಾಲದ ಯಾವ ಜನ ಮಾಡಿದ್ದೋ ಅಜ್ಜನಿಗೂ ಗೊತ್ತಿರಲಿಲ್ಲ. ಆಮೇಲೆ ಗಣಿಯ ದಾರಿಯಲ್ಲಿ ಅರ್ಧ ಕೆತ್ತಿ ಬಿಟ್ಟ ಆ ಎತ್ತರದ ಕಲ್ಲಿನ ಹುಡುಗರು, ಕೈ ಇಳಿಬಿಟ್ಟು, ಒಂದು ಕಾಲು ಮುಂದಿಟ್ಟು, ಎಲ್ಲರೂ ಒಂದೇ ನಗೆ ನಗುತ್ತಿರುವವರು. ಆಮೇಲೆ ನಮ್ಮ ಗುರುಗಳು ಕಲಿಸಿದ ಮುಖ, ನಗುವೂ ಇಲ್ಲದ, ಅಳುವೂ ಇಲ್ಲದ, ನೆಟ್ಟ ಮೂಗಿನ, ಯಾವ ನೋವೂ ತಾಕದ ಮುಖ. ಅಲ್ಲಿಂದ ಇಲ್ಲಿಗೆ ಎಷ್ಟು ತಲೆಮಾರಿನ ಕೈ ಸವೆದಿದೆಯೋ. ಅಷ್ಟು ದೂರ ಬಂದು ಕೊನೆಗೆ ಒಬ್ಬ ಬಣ್ಣದ ಮುದುಕಿಯ ಗಲ್ಲದ ಗೆರೆಯ ಹತ್ತಿರ ನಾನು ತಡವರಿಸುತ್ತಿದ್ದೆ. ಮೊದಲಿನವರಿಗೆ ಮುಖ ಬೇಕಿರಲಿಲ್ಲವೋ, ನಮಗೆ ಅದನ್ನು ನೋಡುವ ಧೈರ್ಯ ಇರಲಿಲ್ಲವೋ, ಹೇಳಲಾರೆ.

ಇನ್ನು ಮಾನೆಸ್. ದೊಡ್ಡ ಮನೆತನಗಳಲ್ಲಿ ಸತ್ತವರ ಮುಖಕ್ಕೆ ಮೇಣ ಹಚ್ಚಿ ಅಚ್ಚು ತೆಗೆದಿಟ್ಟಿರುತ್ತಾರೆ. ಬಿಡುಗಡೆಯಾದ ಗುಲಾಮನಿಗೆ ಅದೆಲ್ಲಿ? "ನಾನು ಅವರನ್ನು ನೋಡೇ ಇಲ್ವಲ್ಲಮ್ಮ, ಹೇಗೆ ಮಾಡ್ಲಿ?" ಎಂದೆ.

"ನಾನು ನೋಡಿದೀನಲ್ಲ. ನಾನು ಹೇಳ್ತೀನಿ, ನೀನು ಮಾಡು."

ಸ್ಟ್ರಾಟೋನನಿಗೆ ಇದು ಸರಿಬರಲಿಲ್ಲ. "ಎಂಟನೇ ಓಟಗಾರ ಕಾಯ್ತಿದಾನೆ, ನೀನು ಮುದುಕಿ ಹತ್ರ ಕಥೆ ಕೇಳ್ತಾ ಕೂತಿದೀಯ. ಯಾವುದಾದ್ರೂ ಒಂದು ಮುದುಕನ ತಲೆ ಮಾಡಿ ಕೊಟ್ಟು ಕಳಿಸು, ಹನ್ನೊಂದು ವರ್ಷ ಆಯ್ತು, ಅವಳಿಗೇನು ನೆನಪಿರುತ್ತೆ?" ಎಂದ. ನಾನು ಕೂತಲ್ಲಿಂದ ಏಳಲಿಲ್ಲ.

ಅವಳು ಹೇಳುವ ರೀತಿಯೇ ವಿಚಿತ್ರ. ಮೂಗು ಇಷ್ಟುದ್ದ, ಹಣೆ ಇಷ್ಟಗಲ ಎಂದು ಒಂದು ದಿನವೂ ಹೇಳಲಿಲ್ಲ. "ಬಲಗಡೆ ಹಲ್ಲು ಯಜಮಾನ ಹೊಡೆದಾಗ ಹೋಗಿದ್ವು. ಅದಕ್ಕೆ ಎಡಗಡೆಯಿಂದ್ಲೇ ಅಗೀತಿದ್ದ" ಎಂದಳು. ನಾನು ಎಡಗೆನ್ನೆಯನ್ನು ತುಂಬಿದೆ, ಬಲಗೆನ್ನೆಯನ್ನು ತಗ್ಗಿಸಿದೆ. "ಬಣ್ಣದ ಕಡಾಯಿ ಹೊಗೆಗೆ ಯಾವಾಗ್ಲೂ ಕಣ್ಣು ಹಿಂಗೆ ಮಾಡೋನು" ಎಂದು ತಾನೇ ಮಾಡಿ ತೋರಿಸಿದಳು. "ಸುಳ್ಳು ಹೇಳುವಾಗ ಕಿವಿ ಕೆಂಪಾಗೋದು. ಆದ್ರೆ ಅದನ್ನ ಕಲ್ಲಲ್ಲಿ ಮಾಡಕ್ಕಾಗಲ್ಲ ಬಿಡು." ಹೀಗೆ ಒಂದೊಂದಾಗಿ. "ಇದು ಯಾರೋ ಸಾಹುಕಾರ" ಎಂದು ಒಂದನ್ನು ತಳ್ಳಿದಳು. "ಇದು ನಿಮ್ಮ ಯಜಮಾನ" ಎಂದು ಇನ್ನೊಂದನ್ನು. ಹದಿಮೂರು ದಿನ.

ಹದಿನಾಲ್ಕನೆಯ ದಿನ ಕೆಳದವಡೆಯನ್ನು ಎಳೆ ಕೂದಲಷ್ಟು ಎಡಕ್ಕೆ ಸರಿಸಿದೆ. ಅವಳು ರೊಟ್ಟಿ ಮುರಿಯುತ್ತಿದ್ದವಳು ನಿಲ್ಲಿಸಿದಳು. ಆಮೇಲೆ ಎದ್ದು ಬಂದು ಆ ನೇರಳೆ ಕೈಯಿಂದ ಮಣ್ಣಿನ ಕೆನ್ನೆ ಮುಟ್ಟಿ, "ಈಗ ಬಂದ್ಯಾ? ಅಂಗಡಿ ಬಿಟ್ಟು ಎಲ್ಲಿ ಹೋಗಿದ್ದೆ ಇಷ್ಟು ದಿನ?" ಎಂದಳು. ನನ್ನನ್ನು ಮರೆತೇಬಿಟ್ಟಿದ್ದಳು. ನಾನು ಹೊರಗೆ ಹೋಗಿ ಕಲ್ಲಿನ ರಾಶಿಯ ಮೇಲೆ ಕೂತೆ.

ಅವತ್ತೇ ಸಂಜೆ ಹೊರಡುವಾಗ ಕೇಳಿದಳು, "ನಿನಗೆ ಮಕ್ಕಳೆಷ್ಟಪ್ಪ?" ಒಬ್ಬಳಿದ್ದಳು, ಆರು ವರ್ಷಕ್ಕೆ ಜ್ವರದಲ್ಲಿ ಹೋದಳು, ಅವಳ ಸಮಾಧಿಕಲ್ಲನ್ನು ನೋಡಲು ಪಕ್ಕದ ದ್ವೀಪದಿಂದಲೂ ಜನ ಬರುತ್ತಾರೆ ಎಂದೆ. ಹಾಗೆನ್ನುವಾಗ ದನಿಯಲ್ಲಿ ಹೆಮ್ಮೆಯೂ ಇತ್ತೇನೋ.

"ಹೇಗಿದ್ಲು?"

"ಚೆನ್ನಾಗಿದ್ಲು ಅಮ್ಮ."

"ಚೆನ್ನಾಗಿರೋದು ಅನ್ನೋದು ಒಂದು ಮುಖಾನೇನೋ? ಹೇಗಿದ್ಲು ಅಂದೆ."

ನಾನು ಒದ್ದೆ ಬಟ್ಟೆ ತೆಗೆದು ಮಣ್ಣಿನ ಮುಖಕ್ಕೆ ಹೊದಿಸತೊಡಗಿದೆ, ಅಕ್ಕ. ಅವಳು ನನ್ನ ಮುಖ ನೋಡಿದಳು, ಮತ್ತೆ ಕೇಳಲಿಲ್ಲ. ಚೀಲದಿಂದ ನಾಲ್ಕು ಅಂಜೂರ ತೆಗೆದು ನನ್ನ ಪಕ್ಕದಲ್ಲಿಟ್ಟು ಹೋದಳು.

ಕಲ್ಲು ಹೋದ ತಿಂಗಳು ಮುಗಿಯಿತು. ತುಟಿಗೆ, ಉಡುಪಿಗೆ, ಇಬ್ಬರ ಬೆರಳುಗಳಿಗೆ ಬಣ್ಣವನ್ನು ಅವಳೇ ಅರೆದು ತಂದು ಹಚ್ಚಿದಳು, ನನ್ನನ್ನು ಮುಟ್ಟಗೊಡಲಿಲ್ಲ. ಊರ ಹೊರಗಿನ ದಾರಿಯಲ್ಲಿ, ಸಮಾಧಿಗಳ ಸಾಲಿನಲ್ಲಿ ನಿಲ್ಲಿಸಿದ ದಿನ ಸ್ಟ್ರಾಟೋನನೂ ಬಂದಿದ್ದ. ಮೂಟೆ ಹೊತ್ತು ಹೋಗುತ್ತಿದ್ದ ಒಬ್ಬ ಮುದುಕ ಅಲ್ಲೇ ನಿಂತ. "ಲೇ, ಇವನು ಮಾನೆಸ್ ಅಲ್ವಾ? ನನ್ನ ಮದುವೆ ಬಟ್ಟೇನ ಕಂದು ಮಾಡಿ ಕೊಟ್ಟು, ಇದೇ ನೇರಳೆ ಅಂತ ಸಾಧಿಸಿದ್ನಲ್ಲ, ಅವನೇ." ಕ್ರೆಸ್ತೆ, "ಅದು ನೇರಳೇನೇ ಆಗಿತ್ತು" ಎಂದಳು. ಅಲ್ಲೇ ಇಬ್ಬರಿಗೂ ಜಗಳ ಹತ್ತಿತು. ಸ್ಟ್ರಾಟೋನ್ ಕಲ್ಲಿನ ಸುತ್ತ ಎರಡು ಸಲ ಬಂದ. ದಾರಿಯಲ್ಲಿ ಮರಳುವಾಗ, "ಚೆಲುವಿಲ್ಲ. ಆದರೆ ಅದನ್ನ ಇನ್ನೊಂದು ಸಲ ಮಾಡು ಅಂತ ನಿನಗೆ ಹೇಳಕ್ಕಾಗಲ್ಲ" ಎಂದ. ಅವನ ಬಾಯಲ್ಲಿ ಅದು ಹೊಗಳಿಕೆಯೋ ಅಲ್ಲವೋ ತಿಳಿಯದು.

ಎಂಟನೆಯ ಓಟಗಾರನನ್ನು ಬೇರೆಯವನಿಗೆ ಒಪ್ಪಿಸಿದ್ದೇನೆ. ಕಡಲು ತೆರೆದ ಮೇಲೆ, ವಸಂತದ ಮೊದಲ ಹಡಗಿಗೆ ಊರಿಗೆ ಬರುತ್ತೇನೆ. ನಾನು ಕೆತ್ತನೆ ಮಾಡುತ್ತಿದ್ದ ಹಳೆಯ ಕೊಟ್ಟಿಗೆಯ ಸೂರು ನಿಂತಿದೆಯೇ ಎಂದು ಭಾವನಿಗೆ ನೋಡಲು ಹೇಳು. ನಿನ್ನ ಮೊಮ್ಮಕ್ಕಳ ತಲೆ ಮುಟ್ಟಿ ನನ್ನ ಹೆಸರಿನಲ್ಲಿ ಹರಸು. ಅವರ ದ್ರಾಕ್ಷಿ ಸಿಹಿಯಾಗಲಿ, ಅವರ ಕಡಲು ತಣ್ಣಗಿರಲಿ. ನನಗೆ ನಿನ್ನ ಆಶೀರ್ವಾದವಿರಲಿ. ತಾಯಿಯಿಲ್ಲದ ಮೇಲೆ ತಲೆ ಬಾಗಿಸಲು ನನಗಿರುವವಳು ನೀನೊಬ್ಬಳೇ.

ನಿನ್ನ ತಮ್ಮ,
ಹೆರ್ಮಿಯಾಸ್

ಮರೆತ ಮಾತು: ಮರೆತದ್ದಲ್ಲ, ಇದನ್ನು ಬರೆಯಲೆಂದೇ ಮೇಲಿನದೆಲ್ಲ ಬರೆದೆ.

ನಮ್ಮ ಮಗು ಮೆಲಿಟ್ಟಳ ಸಮಾಧಿಕಲ್ಲನ್ನು ಗುಡ್ಡದ ಮೇಲೆ ನಿಲ್ಲಿಸಿದ ದಿನ ಊರೆಲ್ಲ ಹೊಗಳಿತು. ಕ್ಲೆಯೋ ಮಾತ್ರ ನೋಡಿ, "ಇವಳು ಯಾರ ಮಗಳು?" ಎಂದಳು. ಎಲ್ಲರೆದುರು ನಾನು ಅವಳ ಮೇಲೆ ಕೂಗಾಡಿದೆ. ದುಃಖದಲ್ಲಿ ಬುದ್ಧಿ ಕೆಟ್ಟಿದೆ ಎಂದೆ. ನೀವೂ ಹಾಗೇ ಅಂದುಕೊಂಡಿರಿ. ಅವಳು ಮತ್ತೆ ಆ ಗುಡ್ಡ ಹತ್ತಲಿಲ್ಲ, ನನ್ನ ಜೊತೆ ಮಾತೂ ಆಡಲಿಲ್ಲ. ನಾನು ಹಡಗು ಹತ್ತಿದೆ.

ಅಕ್ಕ, ಅವಳು ಸರಿಯಾಗಿಯೇ ಕೇಳಿದ್ದಳು. ಆ ಕಲ್ಲು ಮೆಲಿಟ್ಟಳದಲ್ಲ. ಅವಳಿಗೆ ಜ್ವರ ಬರುವ ಎರಡು ತಿಂಗಳ ಮೊದಲೇ ಅದು ನನ್ನ ಕೊಟ್ಟಿಗೆಯಲ್ಲಿ ಮುಗಿದು ನಿಂತಿತ್ತು. ನಾಕ್ಸೋಸಿನ ವರ್ತಕನೊಬ್ಬ ತೀರಿಹೋದ ತನ್ನ ಮಗಳಿಗೆಂದು ಮಾಡಲು ಹೇಳಿ ಹೋಗಿದ್ದ, ಮತ್ತೆ ಬರಲಿಲ್ಲ. ಅದನ್ನೂ ನಾನು ಆ ಮಗುವನ್ನು ನೋಡಿ ಮಾಡಿದ್ದಲ್ಲ. ನಮ್ಮ ಮಗು ಹೋದ ಮೇಲೆ ಹೊಸದಾಗಿ ಕೆತ್ತುವುದು ನನ್ನಿಂದಾಗಲಿಲ್ಲ. ಆ ಕಲ್ಲಿನ ಮೇಲೆ ಅವಳ ಹೆಸರು ಮಾತ್ರ ಕೊರೆದೆ. ನಾಲ್ಕು ದಿನ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆ, ನೀವು ಕೆತ್ತುತ್ತಿದ್ದೇನೆ ಎಂದುಕೊಂಡಿರಿ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಈ ಭಾಗವನ್ನು ಕ್ಲೆಯೋಗೆ ಓದಿ ಹೇಳು. ಮೆತ್ತಗೆ ಮಾಡಿ ಹೇಳಬೇಡ, ಬರೆದದ್ದನ್ನೇ ಓದು. ಅವಳು ಬೈದರೆ ಬೈಯಲಿ. ಆಮೇಲೆ ಅವಳಿಗೆ ಮನಸ್ಸಿದ್ದರೆ, ವಸಂತದಲ್ಲಿ ಕೊಟ್ಟಿಗೆಗೆ ಬಂದು ಕೂತು ಮಗಳು ಹೇಗಿದ್ದಳೆಂದು ಹೇಳಲಿ, ನಾನು ಮಾಡುತ್ತೇನೆ. ಎಷ್ಟು ದಿನವಾದರೂ ಆಗಲಿ.

ನನ್ನ ಉಳಿಯ ಕೆಳಗೆ ಬಿದ್ದಿದ್ದ ಕಲ್ಲಿನ ಚೂರುಗಳ ಮೇಲೆ ಮಗು ಒಂದು ದಿನ ಎಡವಿ ಬಿದ್ದಿತ್ತು. ಗದ್ದದ ಕೆಳಗೆ ಸೀಳಿ, ಗುರುತು ಉಳಿದಿತ್ತು. ಕ್ಲೆಯೋ ಎತ್ತಿಕೊಂಡು ಓಡಿದಳು, ನಾನು ಕೆಲಸದಿಂದ ತಲೆ ಎತ್ತಿ ನೋಡಿ ಮತ್ತೆ ಬಗ್ಗಿದೆ. ಆ ಗುರುತು ಎಡಕ್ಕಿತ್ತೋ ಬಲಕ್ಕಿತ್ತೋ ಈಗ ನನಗೆ ಗೊತ್ತಾಗುತ್ತಿಲ್ಲ. ಕ್ಲೆಯೋಗೆ ಗೊತ್ತಿರುತ್ತದೆ. ಕೇಳಿ ಬರೆ.